ಸುಂದ್ರವ್ವ ತುಳಿಯುವುದನ್ನು ಬಿಟ್ಟದ್ದು

ಸುಂದ್ರವ್ವ ದಡ್ಡಿ ಎಂಬ ಊರಿನಲ್ಲಿ ಹುಟ್ಟಿದಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದವು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಸೂಲಗಿತ್ತಿ ಆ ಪುಟ್ಟ ಅಂಗಾಲು ಒರೆಸುತ್ತ, "ಈ ಕಾಲಿಗೆ ಇನ್ನ ಬಿಡುವಿಲ್ಲ ನೋಡ್ರಿ" ಎಂದಳಂತೆ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ಘಟಪ್ರಭೆಯ ಎರಡೂ ದಂಡೆಯ ಜನ ನಂಬಿದ್ದ ಕಾಲ ಅದು.

ನಡೆಯಲು ಕಲಿತ ಹೊಸದರಲ್ಲೇ ಅವಳನ್ನು ನೆರೆಮನೆಯವರ ಬೆನ್ನಿನ ಮೇಲೆ ನಿಲ್ಲಿಸಿದರು. ಆಗ ಅದು ಆಟ. ತುಸು ತಿಳಿವಳಿಕೆ ಬಂದ ಮೇಲೆ ಹೇಸಿಗೆ ಶುರುವಾಯಿತು. ಬೆನ್ನೆಂದರೆ ಮನುಷ್ಯ ತಾನು ನೋಡದ, ನೆಟ್ಟಗೆ ತೊಳೆಯದ ಜಾಗ. ಔಡಲೆಣ್ಣೆಯ ಮೇಲೆ ಔಡಲೆಣ್ಣೆ ತಿಕ್ಕಿ ಜಿಗುಟಾದ ಚರ್ಮ, ಗಜಕರ್ಣದ ಹುರುಕು, ಒಡೆದ ಕುರುವಿನ ಕೀವು, ಬರೆ ಎಳೆದು ಇನ್ನೂ ಮಾಯದ ಗಾಯ. ಅದೆಲ್ಲ ಅವಳ ಬರಿಗಾಲಿನ ಬೆರಳ ಸಂದಿಗೆ ಮೆತ್ತಿಕೊಳ್ಳುತ್ತಿತ್ತು. ಮನೆಗೆ ಬಂದು ಬೂದಿ ಹಾಕಿ ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಮಡಿಸಿದ ಕಾಲು ತಾಟಿನ ಹತ್ತಿರ ಬಂದರೆ ಅವಳಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಅವಳನ್ನು ಧುಪದಾಳಕ್ಕೆ ಕೊಟ್ಟರು. ಗಂಡ ಸತ್ತೆಪ್ಪನಿಗೆ ಒಡ್ಡಿನ ಕೆಳಗೆ ಒಂದು ತುಂಡು ಹೊಲವಿತ್ತು. ಹೊಲಕ್ಕಿಂತ ಹೆಂಡತಿಯ ಕಾಲೇ ಹೆಚ್ಚು ಬೆಳೆ ಕೊಡುತ್ತದೆ ಎಂಬುದು ಅವನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಗೋಕಾಕದ ಸಂತೆಗೆ ಹೋದಾಗಲೆಲ್ಲ ಅವನೇ ಸುದ್ದಿ ಹಬ್ಬಿಸಿ ಬರುತ್ತಿದ್ದ. ಜೋಳ, ಬೆಲ್ಲ, ಕೋಳಿ ಹೊತ್ತುಕೊಂಡು ಜನ ಬಂದರು. ಅವಳು ಹಿಡಿದುಕೊಳ್ಳಲೆಂದು ಸತ್ತೆಪ್ಪ ತೊಲೆಗೆ ಒಂದು ಹಗ್ಗ ಕಟ್ಟಿಕೊಟ್ಟ. ನೋವಿಲ್ಲದ ಗಂಡಸರೂ ಬರತೊಡಗಿದರು. ಬೋರಲಾಗದೆ ಅಂಗಾತ ಮಲಗಿದ ಮುದುಕನೊಬ್ಬ, "ಇನ್ನಷ್ಟ ಕೆಳಗ, ಇನ್ನಷ್ಟ ಕೆಳಗ" ಎಂದು ಹಲ್ಲು ಕಿರಿದ. ಅವಳು ಇಳಿದು ಹೊರಗೆ ಹೋದಳು. ಸತ್ತೆಪ್ಪ ಅವಳನ್ನೇ ಬೈದ: "ಮುದುಕಾ ಎರಡ ಸೇರ ಬೆಣ್ಣಿ ತಂದಿದ್ದ."

ಆಮೇಲೆ ಅವಳು ಒಂದು ರೂಢಿ ಮಾಡಿಕೊಂಡಳು. ಹಗ್ಗ ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಒಮ್ಮೆ ಜೋರಾಗಿ ತುಳಿದು ಇಳಿದುಬಿಡುವುದು. ಯಾರ ಬೆನ್ನು, ಎಂಥ ಬೆನ್ನು ಎಂದು ನೋಡುತ್ತಿರಲಿಲ್ಲ. ಕೆಲವರಿಗೆ ಗುಣವಾಗುತ್ತಿತ್ತು. ಆಗದವರು ತಮ್ಮ ಕರ್ಮವೆಂದು ಸುಮ್ಮನಾಗುತ್ತಿದ್ದರು.

ಹೀಗಿರುವಾಗ ಮೂಡಲಗಿಯಿಂದ ಕರೆ ಬಂತು. ಹತ್ತಿ ವ್ಯಾಪಾರದ ವೀರಪ್ಪ ಸಾವ್ಕಾರ ಅಲ್ಲಿ ಹೆಸರುವಾಸಿ. ಹೆಂಡತಿ ತೀರಿಕೊಂಡಿದ್ದಳು. ಮನೆಯ ಹಿರಿತನ ಅವನ ಅಕ್ಕ, ವಿಧವೆ ಗೌರಕ್ಕನ ಕೈಯಲ್ಲಿತ್ತು. ಒಬ್ಬಳೇ ಮಗಳು ಶಿವಗಂಗವ್ವನಿಗೆ ಹದಿನೆಂಟು ತುಂಬಿತ್ತು. ಹುಕ್ಕೇರಿಯ ದೊಡ್ಡ ಮನೆತನದೊಂದಿಗೆ ಮಾತುಕತೆ ನಡೆದಿತ್ತು. ಹುಡುಗಿಯ ಸೊಂಟ ಸರಿಯಿಲ್ಲ, ಬಂದು ತುಳಿದು ಹೋಗಬೇಕು ಎಂದು ಆಳು ಬಂದು ಹೇಳಿದ. ಸತ್ತೆಪ್ಪ ಆ ಕ್ಷಣಕ್ಕೇ ಗಾಡಿ ಹೂಡಿದ.

ಮೂಡಲಗಿ ತಲುಪಿದಾಗ ಗೌರಕ್ಕ ಅವರನ್ನು ಹಿತ್ತಲ ಅಂಗಳದಲ್ಲಿ ಕೂಡ್ರಿಸಿದಳು. ಒಳಗಿನಿಂದ ಶಿವಗಂಗವ್ವ ನಡೆದು ಬಂದಳು. ಅಂಥ ನಡಿಗೆಯನ್ನು ಸುಂದ್ರವ್ವ ನೋಡಿರಲಿಲ್ಲ. ಸಣ್ಣ ಸಣ್ಣ ಹೆಜ್ಜೆ, ಮೊಣಕಾಲು ಸದಾ ತುಸು ಮಡಚಿದಂತೆ, ಹೊಟ್ಟೆ ಮುಂದೆ, ಹಿಂಭಾಗ ಚಪ್ಪಟೆ. ಎದೆಯಿಂದ ಸೊಂಟದವರೆಗಿನ ಮೈ ಯಾರೋ ಮೇಲಿನಿಂದ ಒತ್ತಿ ಗಿಡ್ಡ ಮಾಡಿದ ಹಾಗಿತ್ತು. ಮುಖ ಮಾತ್ರ ನೋಡುವಂತಿತ್ತು.

ಜಮಖಾನೆ ಹಾಸಲು ಗೌರಕ್ಕ ಒಳಗೆ ಹೋದಾಗ ಹುಡುಗಿ ತಾನಾಗಿಯೇ ಮಾತಾಡಿದಳು.

"ಹುಕ್ಕೇರಿಯಿಂದ ಹೆಣ್ಮಕ್ಕಳು ನೋಡಾಕ ಬಂದಿದ್ರು ಅಕ್ಕಾ. ಹೋಗೂಮುಂದ ಒಬ್ಬಾಕಿ, ಈ ಹುಡುಗಿಗಿ ಎಷ್ಟ ತಿಂಗಳಂತ ಕೇಳಿ ನಕ್ಕಳು. ಅವತ್ತಿಂದ ನಮ್ಮತ್ತಿ ಸೂಲಗಿತ್ತೀನ ಕರಿಸಿ ನನ್ನ ಹೊಟ್ಟಿ ಒತ್ತಿ ನೋಡಸತಾಳ. ಏನೂ ಇಲ್ಲಂದ್ರೂ ಮತ್ತ ಕರಸತಾಳ."

"ನಿಮ್ಮಪ್ಪ ಸುಮ್ಮನದಾರೇನು?"

"ಕಂಬಕ್ಕ ಕಟ್ಟಸಿದವ್ರ ನಮ್ಮಪ್ಪಾರು. ಮೊಣಕಾಲಿಗೊಂದು, ಹೆಗಲಿಗೊಂದು ಹಗ್ಗ. ನೆಟ್ಟಗ ನಿಂದ್ರೂದ ರೂಢಿ ಆಗಬೇಕಂತ. ಮೊಣಕಾಲ ನೆಟ್ಟಗ ಮಾಡಿದ್ರ ಮೈಯಲ್ಲಾ ಮುಂದ ಬೀಳತೈತಿ ಅಕ್ಕಾ. ಹಗ್ಗ ಹಿಡದಿರತೈತಿ, ನಾ ಬೀಳತಿರತೇನಿ. ಎಚ್ಚರ ತಪ್ಪೂತನಕ ಬಿಡೂದಿಲ್ಲ."

ಅವಳ ಹೆಗಲ ಮೇಲೆ ಹಗ್ಗದ ಗೆರೆ ಇನ್ನೂ ಕೆಂಪಾಗಿತ್ತು. ಇಷ್ಟು ವರ್ಷ ಸುಂದ್ರವ್ವನಿಗೆ ಬೆನ್ನುಗಳ ಮೇಲೆ ಹೇಸಿಗೆ ಬಂದಿತ್ತು. ಬೆನ್ನನ್ನು ಕಟ್ಟಿಸಿದವರ ಮೇಲೆ ಬಂದದ್ದು ಅದೇ ಮೊದಲು.

ಗೌರಕ್ಕ ಜಮಖಾನೆ ಹಾಸಿದಳು. ಶಿವಗಂಗವ್ವ ಬೋರಲಾಗಿ ಮಲಗಿದಳು. ಅರಿಶಿಣ ಹಚ್ಚಿ ಮೀಯಿಸಿದ ಸ್ವಚ್ಛ ಬೆನ್ನು. ಹೇಸಿಕೊಳ್ಳುವಂಥದ್ದೇನೂ ಇಲ್ಲದ್ದರಿಂದಲೋ ಏನೋ, ಸುಂದ್ರವ್ವ ಅಂದು ಕಣ್ಣು ಮುಚ್ಚಲಿಲ್ಲ. ಗೋಡೆ ಹಿಡಿದು ಬಲಗಾಲನ್ನು ಹಗುರವಾಗಿ ಇಟ್ಟು ಬೆನ್ನೆಲುಬಿನ ಗುಂಟ ಕೆಳಗೆ ತಂದಳು. ಸೊಂಟದ ಹತ್ತಿರ ಬಂದಾಗ ಹೆಬ್ಬೆರಳು ಒಂದು ತಗ್ಗಿಗೆ ಇಳಿಯಿತು. ಕತ್ತಲಲ್ಲಿ ನಡೆಯುವಾಗ ಇಲ್ಲವೆಂದುಕೊಂಡಿದ್ದ ಮೆಟ್ಟಿಲು ಸಿಕ್ಕ ಹಾಗೆ. ಮೇಲಿನ ಎಲುಬು ಎಲ್ಲಿರಬೇಕಾಗಿತ್ತೋ ಅಲ್ಲಿರಲಿಲ್ಲ. ಅವಳು ಕಾಲು ತೆಗೆದಳು.

"ಸಾವ್ಕಾರ್ರ, ಇದ ಹಿಡಕೊಂಡ ಟೊಂಕ ಅಲ್ಲರಿ. ಇಲ್ಲಿ ಎಲವ ಸರದಂಗೈತಿ. ನಾ ತುಳಿಯೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ವೀರಪ್ಪ, "ಸರದಿದ್ರ ತುಳದ ಸರಿ ಮಾಡು. ಅದಕ್ಕ ಕರಸೇನಿ" ಎಂದ.

"ದೊಡ್ಡಸ್ತಿಕಿ ತೋರಿಸಬ್ಯಾಡ" ಎಂದಳು ಗೌರಕ್ಕ. "ನೀ ತುಳದ ಹ್ವಾದ ಮ್ಯಾಲ ನಾವು ಹುಡುಗೀನ ಮತ್ತ ಮೀಸಬೇಕು, ಅಂಗಳ ಸಾರಸಬೇಕು. ಲಗೂನ ಮುಗಸು."

ಸತ್ತೆಪ್ಪ ಹತ್ತಿರ ಬಂದು ದನಿ ತಗ್ಗಿಸಿದ. ಸಾವ್ಕಾರ ಕೊಟ್ಟ ಹೋರಿಗರುವನ್ನು ಅವನು ಆಗಲೇ ಗಾಡಿಯ ಹಿಂದೆ ಕಟ್ಟಿಯಾಗಿತ್ತು. "ಕಣ್ಣ ಮುಚ್ಚಿ ಕಾಲಿಡು. ದಿನಾ ಇಡೂದಿಲ್ಲೇನು? ಇವತ್ತೇನ ಹೊಸಾದು?"

ಸುಂದ್ರವ್ವ ಕದಲಲಿಲ್ಲ. ಆಗ ಕೆಳಗಿನಿಂದ ಹುಡುಗಿಯ ದನಿ ಬಂತು.

"ತುಳದ ಬಿಡ ಅಕ್ಕಾ. ತುಳೀಲಿಲ್ಲಂದ್ರ ನಾಳಿ ಮತ್ತ ಕಂಬಕ್ಕ ಕಟ್ಟತಾರ."

ಆ ಮಾತಿಗೆ ಸುಂದ್ರವ್ವ ಸೋತಳು. ಕಣ್ಣು ಮುಚ್ಚಿದಳು, ಉಸಿರು ಹಿಡಿದಳು, ರೂಢಿಯಂತೆ ತುಳಿದಳು.

ಹುಡುಗಿ ಕೂಗಲಿಲ್ಲ. ಎದೆಯೊಳಗಿನ ಗಾಳಿಯೆಲ್ಲ ಒಮ್ಮೆಲೇ ಹೊರಗೆ ಹೋದ ಸದ್ದು ಮಾತ್ರ ಬಂತು. ಏಳು ಎಂದರು. ಕೈಯೂರಿ ಎದೆ ಎತ್ತಿದಳು, ಕಾಲು ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. "ಕಾಲ ಎಲ್ಲದಾವ?" ಎಂದು ಕೇಳಿದಳು. ಅಷ್ಟರಲ್ಲಿ ಅವಳ ಅರಿವಿಗೇ ಇಲ್ಲದಂತೆ ಜಮಖಾನೆಯ ಮೇಲೆ ಒದ್ದೆ ಹರಡಿಕೊಳ್ಳುತ್ತ ಬಂತು.

ಗೌರಕ್ಕ ಮೊದಲು ಆಡಿದ ಮಾತು ಇದು: "ಜಮಖಾನಿ ಹೊಲಸಾತು."

ವೀರಪ್ಪ ಹೊರಬಾಗಿಲು ಹಾಕಿಸಿದ. ಹುಡುಗಿಯನ್ನು ಒಳಕೋಣೆಗೆ ಎತ್ತಿಕೊಂಡು ಹೋಗಬೇಕು, ಹುಕ್ಕೇರಿಯವರ ಕಿವಿಗೆ ಒಂದು ಮಾತೂ ಬೀಳಬಾರದು ಎಂದು ಆಳುಗಳಿಗೆ ತಾಕೀತು ಮಾಡಿದ. ಸತ್ತೆಪ್ಪ ಸದ್ದಿಲ್ಲದೆ ಎತ್ತು ಹೂಡುತ್ತಿದ್ದ, ಕರುವನ್ನು ಬಿಚ್ಚಿರಲಿಲ್ಲ. ಸುಂದ್ರವ್ವ ಗೋದಲಿಯ ಬದಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು. ಬಾಯಿ ಒರೆಸಿಕೊಂಡು ಬಂದು ಅಂಗಳದ ನಡುವೆ ಕುಳಿತಳು.

"ಏಳ, ಹೋಗೂಣು" ಎಂದ ಸತ್ತೆಪ್ಪ.

"ನೀ ಹೋಗು. ಸಾವ್ಕಾರ್ರ, ಇಕೀನ ದವಾಖಾನಿಗಿ ಒಯ್ಯೂತನಕ ನಾ ಇಲ್ಲಿಂದ ಏಳೂದಿಲ್ಲ. ಹೊರಗ ಹಾಕಿದ್ರ ಹುಕ್ಕೇರಿಗಿ ನಡಕೊಂತ ಹೋಗತೇನಿ. ಕಂಬಾ, ಹಗ್ಗಾ, ಸೂಲಗಿತ್ತಿ, ನನ್ನ ಕಾಲು, ಎಲ್ಲಾ ಹೇಳತೇನಿ."

ವೀರಪ್ಪ ಅವಳನ್ನು ಕೊಲ್ಲುವವನಂತೆ ನೋಡಿದ. ಆದರೆ ಗಾಡಿಗೆ ಹುಲ್ಲು ಹಾಸಲು ಹೇಳಿದ.

ಗೋಕಾಕದ ದವಾಖಾನೆಯಲ್ಲಿ, ಆಮೇಲೆ ಕಟ್ಟಿಕೊಂಡಿದ್ದ ಮೂತ್ರವನ್ನು ನಳಿಕೆ ಹಾಕಿ ತೆಗೆದರು. ಇದು ನಮ್ಮಿಂದ ಆಗುವುದಲ್ಲ, ಮಿರಜಿಗೆ ಒಯ್ಯಿರಿ ಎಂದರು. ಗೋಕಾಕ ರೋಡ ಸ್ಟೇಶನ್ನಿನಲ್ಲಿ ಹುಡುಗಿಯನ್ನು ಹಲಗೆಯ ಮೇಲೆಯೇ ರೈಲಿಗೆ ಏರಿಸಿದರು. ಗೌರಕ್ಕ ದವಾಖಾನೆಯ ವಾಸನೆ ತನಗಾಗದೆಂದು ಮನೆಯಲ್ಲೇ ಉಳಿದಳು. ಹೆಣ್ಣು ಜೊತೆ ಬೇಕಲ್ಲ, ಸುಂದ್ರವ್ವ ಹೋದಳು. ಸತ್ತೆಪ್ಪ ಕರು ಹೊಡೆದುಕೊಂಡು ಊರಿಗೆ ಹೋಗಿದ್ದ.

ಮಿರಜಿಯ ದೊಡ್ಡ ದವಾಖಾನೆಯಲ್ಲಿ ನೋಡಿದವಳು ಸೊಲ್ಲಾಪುರದ ಕಡೆಯ ಒಬ್ಬ ಡಾಕ್ಟರಬಾಯಿ. ಎಲುಬಿನ ಫೋಟೋ ತೆಗೆಸಿದಳು. ಮರುದಿನ ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ವೀರಪ್ಪನನ್ನು ಕರೆದಳು. ಸುಂದ್ರವ್ವ ಅವನ ಹಿಂದೆ ನಿಂತಿದ್ದಳು.

"ಇದು ಟೊಂಕದ ದೊಡ್ಡ ಎಲವು. ಇದರ ಮ್ಯಾಲ ಬೆನ್ನಿನ ಕಡೀ ಮಣಿ ಕೂತಿರಬೇಕು. ನಿಮ್ಮ ಮಗಳದು ಅರ್ಧಕ್ಕಿಂತ ಹೆಚ್ಚ ಮುಂದ ಜಾರೈತಿ. ಒಂದ ದಿನದಾಗ ಜಾರಿದ್ದಲ್ಲ ಇದು, ಸಣ್ಣಾಕಿದ್ದಾಗಿಂದ ಸಾವಕಾಶ ಜಾರೈತಿ. ಮಣಿ ಮುಂದ ಹ್ವಾದ್ರ ಮ್ಯಾಲಿನ ಮೈಯೂ ಮುಂದ ಬೀಳಬೇಕಲ್ಲ? ಬೀಳಬಾರದಂತ ಟೊಂಕದ ಎಲವು ಹಿಂದಕ್ಕ ತಿರುಗೈತಿ. ಅಷ್ಟೂ ಸಾಲೂದಿಲ್ಲಂತ ಮೊಣಕಾಲ ಮಡಚ್ಯಾವ. ಅದಕ್ಕ ಹಿಂದ ಚಪ್ಪಟಿ, ಮುಂದ ಹೊಟ್ಟಿ. ತಲಿ ಕಾಲಿನ ನೇರಕ್ಕ ಬರಲಂತ ಮೈ ತಾನ ಕಲತ ನಿಲುವು ಇದು. ನೀವು ಅದನ್ನ ಕಂಬಕ್ಕ ಕಟ್ಟೀರಿ."

ವೀರಪ್ಪ ಕೆಮ್ಮಿದ. "ಹೊಟ್ಟ್ಯಾಗ ಮತ್ತೇನೂ… ಇಲ್ಲಲ್ಲರಿ?"

ಡಾಕ್ಟರಬಾಯಿ ಹಾಳೆಯನ್ನು ಕೆಳಗಿಟ್ಟಳು. "ಏನೂ ಇಲ್ಲ."

ವೀರಪ್ಪ ದೊಡ್ಡದೊಂದು ಉಸಿರು ಬಿಟ್ಟು, ಪಟಕಾ ತೆಗೆದು ಹಣೆ ಒರೆಸಿಕೊಂಡ. ಮಗಳ ಕಾಲು ಬರುತ್ತವೆಯೋ ಇಲ್ಲವೋ ಎಂದು ಇನ್ನೂ ಕೇಳಿರಲಿಲ್ಲ. ಡಾಕ್ಟರಬಾಯಿ ಮೂಲೆಗೆ ಹೋಗಿ ಕೈ ತೊಳೆದುಕೊಂಡಳು. ಅವಳು ಆಗ ಯಾರನ್ನೂ ಮುಟ್ಟಿರಲಿಲ್ಲ.

"ತುಳದವ್ರು ಯಾರು?"

"ನಾನ್ರಿ" ಎಂದಳು ಸುಂದ್ರವ್ವ.

"ಯಾಕ ತುಳದಿ?"

"ಕಾಲ ಮುಂದಾಗಿ ಹುಟ್ಟೇನ್ರಿ."

ಡಾಕ್ಟರಬಾಯಿ ಬೈಯುತ್ತಾಳೆಂದು ಸುಂದ್ರವ್ವ ಕಾದಳು. ಅವಳು ಬೈಯಲಿಲ್ಲ. "ಹೊರಗ ಕೂಡು" ಎಂದಳು, ಅಷ್ಟೇ. ಆ ಎರಡು ಮಾತು ಸುಂದ್ರವ್ವನಿಗೆ ಗಂಡನ ಹೊಡೆತಕ್ಕಿಂತ ಹೆಚ್ಚು ಹತ್ತಿತು.

ಹುಡುಗಿಯನ್ನು ನೆಟ್ಟಗೆ ಮಲಗಿಸಲಿಲ್ಲ. ಮೊಣಕಾಲ ಕೆಳಗೆ ದಿಂಬಿನ ಮೇಲೆ ದಿಂಬಿಟ್ಟು, ಸೊಂಟ ಮಡಚಿ, ನೋವಿಲ್ಲದ ಭಂಗಿ ಯಾವುದೋ ಅದರಲ್ಲಿ ವಾರಗಟ್ಟಲೆ ಇಟ್ಟರು. ಸುಂದ್ರವ್ವ ಅವಳ ಮಲಮೂತ್ರದ ಪಾತ್ರೆ ತೆಗೆದಳು, ಬೆನ್ನು ಹುಣ್ಣಾಗದಂತೆ ಹೊರಳಿಸಿದಳು, ಹಾಸಿಗೆ ಬದಲಿಸಿದಳು. ಹುಡುಗಿ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೈ ಒರೆಸುವಾಗ ಬಲಗಾಲಿನ ಹೆಬ್ಬೆರಳು ಮಿಸುಕಿತು. ಇಬ್ಬರೂ ನೋಡಿದರು. ಸುಂದ್ರವ್ವ ಬಟ್ಟೆಯನ್ನು ಮತ್ತೆ ಮತ್ತೆ ಹಿಂಡಿದಳು, ನೀರೆಲ್ಲ ಇಳಿದಿದ್ದರೂ.

ಆಮೇಲೆ ಮೂತ್ರದ ಅರಿವು ಬಂತು, ಎಡಗಾಲು ಬಂತು. ಅವಳ ನಿಲುವಿಗೆ ತಕ್ಕ ಹಾಗೆಯೇ ಪಟ್ಟಿ ಸುತ್ತಿ ಗಚ್ಚಿನಂಥ ಕವಚ ಮಾಡಿ ಎದೆಯಿಂದ ಸೊಂಟದವರೆಗೆ ತೊಡಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಶಿವಗಂಗವ್ವ ಗೋಡೆ ಹಿಡಿದು ನಡೆದಳು. ಎಡ ಪಾದದ ಹೊರಬದಿಯಲ್ಲಿ ಮಾತ್ರ ಸ್ಪರ್ಶ ಎಂದೂ ಮರಳಲಿಲ್ಲ.

ಕರೆದೊಯ್ಯಲು ಬಂದ ವೀರಪ್ಪನಿಗೆ ಡಾಕ್ಟರಬಾಯಿ ಮಗಳ, ಸುಂದ್ರವ್ವನ ಎದುರಿಗೇ ಹೇಳಿದಳು: "ಭಾರ ಎತ್ತಬಾರದು. ಯಾರೂ ತುಳೀಬಾರದು, ಎಳೀಬಾರದು, ಕಟ್ಟಬಾರದು. ಲಗ್ನಾ ಮಾಡೂದಾದ್ರ ಗಂಡಿನವ್ರಿಗಿ ಮೊದಲ ಹೇಳ್ರಿ. ಜಾರಿದ ಎಲವು ಕೂಸು ಬರೂ ದಾರಿಗೆ ಅಡ್ಡ ಐತಿ. ಬಸುರಾದ್ರ ಹೆರಿಗಿ ದೊಡ್ಡ ದವಾಖಾನ್ಯಾಗ ಆಗಬೇಕು. ಮನ್ಯಾಗ ಆದ್ರ ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ."

ವೀರಪ್ಪ ತಲೆಯಾಡಿಸಿದ.

ಹುಕ್ಕೇರಿಯವರು ಅಷ್ಟರಲ್ಲಿ ಬೇರೆ ಹೆಣ್ಣು ನೋಡಿಕೊಂಡಿದ್ದರು. ಸುಗ್ಗಿಯ ಹೊತ್ತಿಗೆ ವೀರಪ್ಪ ಇನ್ನೊಂದು ಗಂಡು ಹುಡುಕಿದ. ಗೋಕಾಕದ ಕಡೆಯವ, ನಡುವಯಸ್ಸಿನ ವಿಧುರ, ಹೆಸರು ಶಿದ್ಲಿಂಗಪ್ಪ. ಸತ್ತ ಹೆಂಡತಿಗೆ ಮಕ್ಕಳಿರಲಿಲ್ಲ. ಅವನಿಗೆ ಬೇಕಾದದ್ದು ಮಗ. ವೀರಪ್ಪ ಅವನಿಗೆ ಡಾಕ್ಟರಬಾಯಿಯ ಮಾತಿನಲ್ಲಿ ಒಂದಕ್ಷರವನ್ನೂ ಹೇಳಲಿಲ್ಲ. ಸುಂದ್ರವ್ವ ಗಂಡನ ಮನೆಗೆ ಮರಳಿದ್ದಳು. ಶಿವಗಂಗವ್ವ ಬಳೆಗಾರನ ಕೈಯಲ್ಲಿ ಧುಪದಾಳಕ್ಕೆ ಹೇಳಿಕಳಿಸಿದಳು: "ಸುಂದ್ರಕ್ಕಗ ಬರಾಕ ಹೇಳ್ರಿ. ಏನೂ ಮಾಡೂದು ಬ್ಯಾಡ. ದವಾಖಾನ್ಯಾಗ ಕೇಳಿದಾಕಿ ನಮ್ಮಪ್ಪಾರ್ನ, ನನ್ನ ಬಿಟ್ರ ಅಕಿ ಒಬ್ಬಾಕಿನ. ಬಂದ ಕೂತಿರಲಿ."

ಸುಂದ್ರವ್ವ ಹೋಗಿ ಅಂಗಳದ ಅಂಚಿಗೆ ಕುಳಿತಳು. ಹೋಳಿಗೆಯ ಅಡಿಗೆ ಆಗಿತ್ತು. ಬೀಗರಾಗುವವರು ಪಡಸಾಲೆಯಲ್ಲಿ ಉಂಡು ತಾಂಬೂಲ ಹಾಕುತ್ತಿದ್ದರು. ಹುಡುಗಿಯನ್ನು ಅವರು ಬರುವ ಮೊದಲೇ ಕುರ್ಚಿಯಲ್ಲಿ ಕೂಡ್ರಿಸಿ, ಶಾಲು ಹೊದಿಸಿ, ಏಳಬಾರದೆಂದು ಗೌರಕ್ಕ ಹಿಂದೆಯೇ ನಿಂತಿದ್ದಳು. ಶಿದ್ಲಿಂಗಪ್ಪ ಮುಖ ನೋಡಿ ಒಪ್ಪಿದ. ಮುಹೂರ್ತದ ಮಾತು ಬಂತು.

ಶಿವಗಂಗವ್ವ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಎದ್ದಳು. ಗೌರಕ್ಕ ರಟ್ಟೆ ಹಿಡಿದಳು, ಹುಡುಗಿ ಬಿಡಿಸಿಕೊಂಡಳು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ತನ್ನ ಸಣ್ಣ ಹೆಜ್ಜೆಯಲ್ಲಿ ನಡೆದು, ತಿರುಗಿ ನಿಂತಳು.

"ನಾ ಹಿಂಗ ನಡೀತೇನ್ರಿ. ನಿಂದ್ರೂದೂ ಹಿಂಗ. ಟೊಂಕದ ಮಣಿ ಜಾರೈತಿ. ಕೂಸ ಬರೂ ದಾರಿಗೆ ಎಲವ ಅಡ್ಡ ಐತಂತ ಮಿರಜ್ಯಾಗ ಹೇಳ್ಯಾರ. ಅಲ್ಲಿ ಕೂತಾಕೀನ ಕೇಳ್ರಿ, ಅಕೀನೂ ಕೇಳ್ಯಾಳ."

ಎಲ್ಲರೂ ಸುಂದ್ರವ್ವನ ಕಡೆ ನೋಡಿದರು. "ಖರೆ ಐತ್ರಿ" ಎಂದಳು.

ಬಂದವರು ಎದ್ದರು. ಬಾಯಲ್ಲಿದ್ದ ಎಲೆ ಉಗುಳಿ, ಕೈ ತೊಳೆದು, ಮೋಸದ ಮನೆ ಎಂದು ಗೊಣಗುತ್ತ ಗಾಡಿಯ ಕಡೆಗೆ ನಡೆದರು. ಶಿದ್ಲಿಂಗಪ್ಪ ಮಾತ್ರ ಅಂಗಳದಲ್ಲಿ ನಿಂತ. ಸುಂದ್ರವ್ವನ ಹತ್ತಿರ ಬಂದು, "ಧುಪದಾಳದ ತುಳಿಯಾಕಿ ನೀನ ಹೌದಲ್ಲ? ಮೂರ ದಿನಾತು, ನನಗೂ ಟೊಂಕ ಹಿಡದೈತಿ. ಹೆಂಗೂ ಬಂದೀಯಲ್ಲ…" ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದ.

ಸುಂದ್ರವ್ವ ಅವನ ಮುಖ ನೋಡಿದಳು. ಒಬ್ಬ ಹುಡುಗಿ ತನ್ನ ಬಾಳನ್ನು ಎಲ್ಲರ ಎದುರು ಬಿಚ್ಚಿಟ್ಟು ಇನ್ನೂ ಒಳಗೆ ನಿಂತಿದ್ದಳು. ಇವನಿಗೆ ತನ್ನ ಬೆನ್ನಿನ ಚಿಂತೆ.

"ನನ್ನ ಕಾಲ ಸತ್ತಾವ್ರಿ" ಎಂದಳು.

ಮನೆಗೆ ಹೋಗಿ ತೊಲೆಯ ಹಗ್ಗ ಬಿಚ್ಚಿ ಒಲೆಗೆ ಹಾಕಿದಳು. ಸತ್ತೆಪ್ಪ ಹೊಡೆದ, ಬೇಡಿಕೊಂಡ, ಮತ್ತೆ ಹೊಡೆದ. ಬಾಗಿಲಿಗೆ ಬಂದವರು ಬಾಗಿಲಲ್ಲೇ ಮಲಗಿ, ದಾಟಿ ಹೋಗುವಾಗಲಾದರೂ ಕಾಲು ತಾಗಲೆಂದು ಕಾದರು. ಅವಳು ಹಿತ್ತಲ ಗೋಡೆ ಹತ್ತಿ ನೀರಿಗೆ ಹೋಗಿಬಂದಳು. ಕೊನೆಗೆ ಸತ್ತೆಪ್ಪ ಇನ್ನೊಬ್ಬಳನ್ನು ಮಾಡಿಕೊಂಡ. ಸುಂದ್ರವ್ವ ಒಂದು ಗಂಟು ಕಟ್ಟಿಕೊಂಡು ಗೋಕಾಕಕ್ಕೆ ಹೋಗಿ, ದವಾಖಾನೆಯಲ್ಲಿ ಪಾತ್ರೆ ತೊಳೆಯುವ, ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದಳು. ಬೆನ್ನಿಗೆ ಹೇಸುತ್ತಿದ್ದವಳು ಇದನ್ನು ಹೇಗೆ ಮಾಡುತ್ತಾಳೆ ಎಂದು ತವರಿನವರು ಕೇಳಿದರು.

"ಇದು ಹೊಲಸು. ಹೊಲಸಂತ ಎಲ್ಲಾರಿಗೂ ಗೊತ್ತೈತಿ. ತೊಳದ್ರ ಹೋಗತೈತಿ" ಎಂದಳು.

ವೀರಪ್ಪ ಯುದ್ಧದ ವರ್ಷಗಳಲ್ಲಿ ತೀರಿಕೊಂಡ. ಹತ್ತಿ ಅಂಗಡಿ ಶಿವಗಂಗವ್ವನ ಕೈಗೆ ಬಂತು. ಎತ್ತರದ ಗಾದಿಯ ಮೇಲೆ ಕುಳಿತು ಅವಳು ವ್ಯಾಪಾರ ನೋಡಿದಳು. ನಿಂತು ಮಾತಾಡಿಸುವ ಪ್ರಸಂಗ ಬಂದರೆ ತನ್ನ ನಿಲುವಿನಲ್ಲಿಯೇ ನಿಂತಳು. ಗೌರಕ್ಕ ಅದೇ ಮನೆಯಲ್ಲಿ ಮುದುಕಿಯಾದಳು. ಹಾಸಿಗೆ ಹಿಡಿದಾಗ ಅವಳನ್ನು ನೋಡಿಕೊಳ್ಳಲು ಶಿವಗಂಗವ್ವ ಒಬ್ಬ ಹೆಂಗಸನ್ನು ಇಟ್ಟಳು. ತಾನು ಮಾತ್ರ ಆ ಕೋಣೆಗೆ ಹೋಗಲಿಲ್ಲ.

ಸುಂದ್ರವ್ವ ವರ್ಷಕ್ಕೊಮ್ಮೆ ಮೂಡಲಗಿಗೆ ಹೋಗಿ ಅವಳನ್ನು ನೋಡಿ ಬರುತ್ತಿದ್ದಳು. ಒಂದು ಸಲ ಮಾತಿನ ನಡುವೆ ಶಿವಗಂಗವ್ವ, "ಸುಂದ್ರಕ್ಕಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನಿನ್ನ ಕಾಲ ನೋಡಿದ್ರ ಇನ್ನೂ ಹೇಸಿಕಿ ಬರತೈತಿ" ಎಂದಳು.

"ನನಗೂ ಬರತೈತಿ ಯವ್ವಾ."

ಸುಂದ್ರವ್ವ ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಂಡಳು. ಶಿವಗಂಗವ್ವ ಚಹಾ ತರಲು ಒಳಗೆ ಕೂಗಿದಳು. ಚಹಾ ಬರುವವರೆಗೆ ಇಬ್ಬರೂ ಆ ವರ್ಷದ ಹತ್ತಿಯ ಮಾತಾಡಿದರು.